ಭಕ್ಷಕ ಕಣಗಳನ್ನು ಕಂಡ ವಿಜ್ಞಾನಿ: ಇಲ್ಯಾ ಮೆಚ್ನಿಕೋಫ್

ಕಾಲಿಗೆ ಮುಳ್ಳು ತಾಗದವರು ನಮ್ಮ ಕಾಸರಗೋಡಿನ ಕಡೆ ಯಾರೂ ಇರಲಾರರು. ಗುಡ್ಡೆಯಲ್ಲಿ ಸೊಪ್ಪು ಕೊಯ್ಯುವಾಗಲೋ ತೋಟದ ಬೇಲಿ ದಾಟುವಾಗಲೋ ಮುಳ್ಳಿನ ತುದಿಯೊಂದು ಅಂಗಾಲಿನಲ್ಲಿ ಮುರಿದು ಉಳಿಯುತ್ತದೆ. ಅಂದು ಅಷ್ಟೇನೂ ತೊಂದರೆ ಕಾಣಿಸದು. ಮರುದಿನ ಬೆಳಗ್ಗೆ ಏಳುವಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿರುತ್ತದೆ. ಮತ್ತೆ ಕೀವು ಕಟ್ಟಿ ಮುಳ್ಳು ಹೊರಗೆ ಬರುತ್ತದೆ. ಇಲ್ಲವಾದರೆ ಒಳಗೇ ಉಳಿದು ಅದರ ಸುತ್ತ ಗಟ್ಟಿಯಾದ ಸಣ್ಣ ಗಂಟೊಂದು ಬೆಳೆಯುತ್ತದೆ. ನಮ್ಮ ಅಜ್ಜ ಅಜ್ಜಿಯಂದಿರು ಇದನ್ನೆಲ್ಲ ಕಂಡವರೇ. ಆದರೆ ಚರ್ಮದ ಕೆಳಗೆ ಆ ಒಂದು ರಾತ್ರಿಯಲ್ಲಿ ಏನು ನಡೆಯಿತೆಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ, ಅದರ ಅರ್ಥವನ್ನು ಜಗತ್ತಿಗೆ ತಿಳಿಸಿದವರು ಒಬ್ಬ ರಷ್ಯನ್ ಪ್ರಾಣಿಶಾಸ್ತ್ರಜ್ಞರು. ಅವರೇ ಇಲ್ಯಾ ಮೆಚ್ನಿಕೋಫ್.

ಈಗ ಅವರನ್ನು ನಾವು ನೆನೆಯುವುದಕ್ಕೆ ಕಾರಣವಿದೆ. ಹುಟ್ಟುವಾಗಲೇ ಕಿವಿ ಕೇಳದ ಮಕ್ಕಳಿಗೆ ‘ಕಾಕ್ಲಿಯರ್ ಇಂಪ್ಲಾಂಟ್’ ಎಂಬ ಸಾಧನವನ್ನು ಶಸ್ತ್ರಕ್ರಿಯೆಯ ಮೂಲಕ ಅಳವಡಿಸುವ ವಿಚಾರ ಇಂದು ಹಳ್ಳಿಯ ಮನೆಗಳಿಗೂ ಗೊತ್ತು. ಕೇರಳ ಸರಕಾರ 2012ರಲ್ಲಿ ‘ಶ್ರುತಿತರಂಗಂ’ ಯೋಜನೆಯನ್ನು ಆರಂಭಿಸಿದ ಮೇಲೆ, ಲಕ್ಷಗಟ್ಟಲೆ ರೂಪಾಯಿ ಬೆಲೆಯ ಈ ಚಿಕಿತ್ಸೆ ಬಡವರ ಮಕ್ಕಳಿಗೂ ದೊರೆಯುವಂತಾಯಿತು. ಆದರೆ ಶಸ್ತ್ರಕ್ರಿಯೆಗೆ ಒಪ್ಪಿಗೆಯ ರುಜು ಹಾಕುವ ಮೊದಲು ತಂದೆ ತಾಯಿಯರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಅಂಗಾಲಿನ ಒಂದು ಸಣ್ಣ ಮುಳ್ಳನ್ನೇ ಸಹಿಸದ ದೇಹವು, ಲೋಹ ಮತ್ತು ರಬ್ಬರಿನಿಂದ ಮಾಡಿದ ವಸ್ತುವನ್ನು ತಲೆಯ ಒಳಗೆ ಜೀವಮಾನವಿಡೀ ಸಹಿಸೀತೇ? ಇದು ಅಜ್ಞಾನದ ಪ್ರಶ್ನೆಯಲ್ಲ. ಇದೇ ಪ್ರಶ್ನೆಯನ್ನು ಇಂದು ದೊಡ್ಡ ದೊಡ್ಡ ಸಂಶೋಧನಾಲಯಗಳೂ ಕೇಳುತ್ತಿವೆ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ಬಂದು ಮುಟ್ಟುವುದು ಮೆಚ್ನಿಕೋಫರ ಬಾಳಿಗೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೆಚ್ನಿಕೋಫರು ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕೋವ್ ಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ. ಅಂದು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಆ ಪ್ರದೇಶ ಇಂದು ಯುಕ್ರೇನ್ ದೇಶದಲ್ಲಿದೆ. ತಂದೆ ಚಕ್ರವರ್ತಿಯ ಕಾವಲು ಪಡೆಯಲ್ಲಿ ಅಧಿಕಾರಿಯಾಗಿದ್ದವರು. ತಾಯಿ ಎಮಿಲಿಯಾ ಯಹೂದಿ ಮೂಲದ ಮನೆತನದವರು, ಬುದ್ಧಿವಂತೆ, ಸಹೃದಯಿ. ಐವರು ಮಕ್ಕಳಲ್ಲಿ ಇಲ್ಯಾ ಕೊನೆಯವನು. ಒಂದೆಡೆ ಕೂರದ ಅವನ ಸ್ವಭಾವವನ್ನು ಕಂಡು ಮನೆಯವರು ಅವನನ್ನು ಪಾದರಸವೆಂದು ಕರೆಯುತ್ತಿದ್ದರಂತೆ. ಎಳೆಯ ವಯಸ್ಸಿನಲ್ಲೇ ಗಿಡ ಹುಳುಗಳ ಹುಚ್ಚು ಹಿಡಿದು, ತನ್ನ ಕೈಖರ್ಚಿನ ಕಾಸನ್ನು ಕೊಟ್ಟು ಜೊತೆಯ ಮಕ್ಕಳನ್ನು ಕೂರಿಸಿ ಅವರಿಗೆ ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದನೆಂದು ಅವರ ಪತ್ನಿ ಮುಂದೆ ಬರೆದ ಜೀವನ ಚರಿತ್ರೆಯಿಂದ ತಿಳಿಯುತ್ತದೆ.

ಖಾರ್ಕೋವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷಗಳ ವ್ಯಾಸಂಗವನ್ನು ಅವರು ಎರಡೇ ವರ್ಷಗಳಲ್ಲಿ ಮುಗಿಸಿದರು. ಅನಂತರ ಜರ್ಮನಿಗೂ ಇಟಲಿಯ ನೇಪಲ್ಸ್ ಕಡಲತೀರಕ್ಕೂ ಹೋಗಿ ಸಮುದ್ರದ ಕ್ಷುದ್ರ ಜೀವಿಗಳ ಬೆಳವಣಿಗೆಯನ್ನು ಅಭ್ಯಸಿಸಿದರು. 1865ರಲ್ಲಿ ಜರ್ಮನಿಯ ಗೀಸನ್ ಪಟ್ಟಣದಲ್ಲಿದ್ದಾಗ, ಒಂದು ಚಪ್ಪಟೆ ಹುಳುವಿನಲ್ಲಿ ಆಹಾರವು ಜೀವಕೋಶಗಳ ಒಳಗೇ ಜೀರ್ಣವಾಗುವುದನ್ನು ಕಂಡರು. ಹೊಟ್ಟೆಯ ರಸದಿಂದಲ್ಲದೆ, ಕೋಶವೇ ನುಂಗಿ ಕರಗಿಸುವ ಈ ಕ್ರಮವು ಆಗ ಒಂದು ಸಣ್ಣ ಕೌತುಕವಾಗಿ ಮಾತ್ರ ಅವರ ನೆನಪಿನಲ್ಲಿ ಉಳಿಯಿತು. ಅದರ ಬೆಲೆ ಗೊತ್ತಾಗಲು ಮತ್ತೆ ಹದಿನೇಳು ವರ್ಷಗಳು ಬೇಕಾದವು. 1867ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಾಗಿ ಸೇರಿದಾಗ ಅವರಿಗೆ 22 ವರ್ಷ. ಅವರ ಕೆಲವು ವಿದ್ಯಾರ್ಥಿಗಳು ಅವರಿಗಿಂತ ಹಿರಿಯರಾಗಿದ್ದರು. 1870ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು.

ಸಂಕಟದ ವರ್ಷಗಳು

ವಿದ್ಯೆಯಲ್ಲಿ ಇಷ್ಟು ಬೇಗ ಮೇಲೇರಿದವರ ಸಂಸಾರಜೀವನ ಮಾತ್ರ ದುಃಖದ್ದಾಯಿತು. 1869ರಲ್ಲಿ ಅವರು ಲುಡ್ಮಿಲಾ ಎಂಬ ತರುಣಿಯನ್ನು ಮದುವೆಯಾದರು. ಆಕೆಗೆ ಆಗಲೇ ಕ್ಷಯರೋಗ ತಗಲಿತ್ತು. ನಡೆಯಲು ಶಕ್ತಿಯಿಲ್ಲದ ವಧುವನ್ನು ಕುರ್ಚಿಯಲ್ಲಿ ಕೂರಿಸಿ ಇಗರ್ಜಿಗೆ ಹೊತ್ತು ತರಬೇಕಾಯಿತು. ಹೆಂಡತಿಯ ಆರೋಗ್ಯಕ್ಕಾಗಿ ಬೆಚ್ಚಗಿನ ಹವೆಯ ಊರುಗಳನ್ನು ಹುಡುಕಿಕೊಂಡು ಅಲೆದು, ಖರ್ಚು ಸರಿದೂಗಿಸಲು ರಾತ್ರಿ ಹಗಲೆನ್ನದೆ ದುಡಿದು, ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಕಣ್ಣುಗಳನ್ನೂ ಕೆಡಿಸಿಕೊಂಡರು. ಇಷ್ಟು ಮಾಡಿಯೂ 1873ರಲ್ಲಿ ಮದೀರಾ ದ್ವೀಪದಲ್ಲಿ ಲುಡ್ಮಿಲಾ ತೀರಿಕೊಂಡರು. ಬಾಳಿನಲ್ಲಿ ಅರ್ಥವೇ ಉಳಿದಿಲ್ಲವೆಂದು ಬಗೆದು ಮೆಚ್ನಿಕೋಫರು ಪ್ರಾಣ ಬಿಡಲು ಯತ್ನಿಸಿದರು. ಅದೃಷ್ಟವಶಾತ್ ಬದುಕಿ ಉಳಿದರು. ಆ ಕಾಲದಲ್ಲಿ ಒಂದು ಸಂಜೆ ದೀಪದ ಸುತ್ತ ಹಾರುತ್ತಿದ್ದ ಅಲ್ಪಾಯುಷಿ ಹುಳುಗಳನ್ನು ಕಂಡು, ಇವುಗಳ ಬಾಳಿಗೆ ಪ್ರಕೃತಿಯ ಆಯ್ಕೆಯ ನಿಯಮ ಹೇಗೆ ಹೊಂದೀತೆಂದು ಯೋಚಿಸತೊಡಗಿದರಂತೆ. ಆ ಯೋಚನೆಯೇ ಅವರನ್ನು ಮತ್ತೆ ಕೆಲಸಕ್ಕೆ ಎಳೆಯಿತು.

1875ರಲ್ಲಿ ಅವರು ಓಲ್ಗಾ ಎಂಬವರನ್ನು ಮದುವೆಯಾದರು. ಓಲ್ಗಾ ಕೊನೆಯವರೆಗೂ ಅವರ ಸಂಗಾತಿಯೂ ಪ್ರಯೋಗಾಲಯದ ಸಹಾಯಕಿಯೂ ಆಗಿ ಬಾಳಿದರು. 1880ರಲ್ಲಿ ಆಕೆಗೆ ವಿಷಮಶೀತ ಜ್ವರ ಬಂದು ಬದುಕುವುದೇ ಕಷ್ಟವಾಯಿತು, ಹೇಗೋ ಗುಣವಾಯಿತು. 1881ರಲ್ಲಿ ಮೆಚ್ನಿಕೋಫರು ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ರೋಗ ರಕ್ತದ ಮೂಲಕ ಹರಡುತ್ತದೆಯೇ ಎಂದು ತಿಳಿಯುವ ಆಸೆಯ ಜೊತೆಗೆ ಮನಸ್ಸಿನ ಬೇಸರವೂ ಅದರ ಹಿಂದಿತ್ತು. ಜ್ವರ ಬಂದು ಸಾವಿನ ಹೊಸ್ತಿಲವರೆಗೆ ಹೋಗಿ ಅವರು ಮರಳಿದರು. ಅದೇ ವರ್ಷ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಗಿ, ವಿಶ್ವವಿದ್ಯಾಲಯಗಳ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು. ಆ ವಾತಾವರಣವನ್ನು ಸಹಿಸಲಾರದೆ 1882ರಲ್ಲಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು.

ಮೆಸ್ಸೀನಾದ ಆ ರಾತ್ರಿ

ಓಲ್ಗಾ ಅವರ ತಂದೆ ತಾಯಿ ತೀರಿಕೊಂಡಿದ್ದುದರಿಂದ ಆಕೆಯ ತಮ್ಮ ತಂಗಿಯರ ಹೊಣೆ ಇವರ ಮೇಲೆ ಬಿದ್ದಿತ್ತು; ಜೊತೆಗೆ ಸ್ವಲ್ಪ ಆಸ್ತಿಯೂ ಬಂದಿತ್ತು. ಎಲ್ಲರನ್ನೂ ಕರೆದುಕೊಂಡು ಅವರು ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣಕ್ಕೆ ಹೋಗಿ ಕಡಲ ದಂಡೆಯ ಒಂದು ಸಣ್ಣ ಮನೆಯಲ್ಲಿ ನೆಲಸಿದರು. ಮನೆಯ ಕೋಣೆಯೇ ಪ್ರಯೋಗಾಲಯವಾಯಿತು.

1882ರ ಡಿಸೆಂಬರ್ ತಿಂಗಳ ಒಂದು ದಿನ. ಊರಿಗೆ ಬಂದಿದ್ದ ಸರ್ಕಸ್ಸಿನಲ್ಲಿ ವಾನರಗಳ ಆಟ ನೋಡಲು ಮನೆಮಂದಿಯೆಲ್ಲ ಹೋಗಿದ್ದರು. ಮೆಚ್ನಿಕೋಫರು ಒಬ್ಬರೇ ಕುಳಿತು ನಕ್ಷತ್ರಮೀನಿನ ಮರಿಯೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಈ ಮರಿ ಗಾಜಿನಂತೆ ಪಾರದರ್ಶಕ. ಅದರ ಮೈಯೊಳಗೆ ತಾವಾಗಿಯೇ ಅತ್ತಿತ್ತ ಹರಿದಾಡುವ ಕೋಶಗಳು ಅವರ ಕಣ್ಣಿಗೆ ಬಿದ್ದವು. ಆಹಾರವನ್ನು ನುಂಗುವ ಈ ಕೋಶಗಳೇ ಹೊರಗಿನಿಂದ ಬಂದ ಶತ್ರುಗಳನ್ನೂ ನುಂಗಿ ದೇಹವನ್ನು ಕಾಯುತ್ತಿರಬಹುದೇ ಎಂಬ ಯೋಚನೆ ಫಕ್ಕನೆ ಹೊಳೆಯಿತು. ಅದು ನಿಜವಾದರೆ, ಮರಿಯ ಮೈಗೆ ಮುಳ್ಳು ಚುಚ್ಚಿದಾಗ ಕೋಶಗಳು ಅದರ ಸುತ್ತ ಬಂದು ಸೇರಬೇಕು. ಮನುಷ್ಯನ ಬೆರಳಿಗೆ ಸಿಬಿರು ತಾಗಿದಾಗ ಕೀವು ಸೇರುವಂತೆ.

ಮನೆಯ ಮುಂದಿನ ಸಣ್ಣ ತೋಟದಲ್ಲಿ, ಕೆಲವೇ ದಿನಗಳ ಹಿಂದೆ ಮಕ್ಕಳಿಗಾಗಿ ಕಿತ್ತಳೆ ಜಾತಿಯ ಗಿಡವೊಂದನ್ನು ಕ್ರಿಸ್ಮಸ್ ಮರವಾಗಿ ಅಲಂಕರಿಸಿದ್ದರು. ಆ ತೋಟದಿಂದಲೇ ಕೆಲವು ಗುಲಾಬಿ ಮುಳ್ಳುಗಳನ್ನು ತಂದು ಮರಿಗಳ ಚರ್ಮದ ಕೆಳಗೆ ಚುಚ್ಚಿದರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ನೋಡಿದರೆ, ಪ್ರತಿಯೊಂದು ಮುಳ್ಳಿನ ಸುತ್ತಲೂ ಹರಿದಾಡುವ ಕೋಶಗಳು ಗುಂಪುಗೂಡಿ ಮುತ್ತಿಕೊಂಡಿದ್ದವು.

ಇದರ ಮಹತ್ವವನ್ನು ನಾವು ಸ್ವಲ್ಪ ಬಿಡಿಸಿ ಹೇಳಬೇಕು. ಉರಿಯೂತವೆಂದರೆ ರಕ್ತನಾಳಗಳಿಗೆ ಆದ ಕೇಡಿನ ಫಲ ಎಂದು ಆ ಕಾಲದ ಪಂಡಿತರು ನಂಬಿದ್ದರು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂದು ಹೇಳುವವರೂ ಇದ್ದರು. ಆದರೆ ನಕ್ಷತ್ರಮೀನಿನ ಮರಿಗೆ ರಕ್ತನಾಳಗಳೇ ಇಲ್ಲ. ಆದರೂ ಮುಳ್ಳಿನ ಸುತ್ತ ಕೋಶಗಳು ಬಂದು ನಿಂತವು. ಹಾಗಾದರೆ ಉರಿಯೂತವು ಬರಿಯ ರೋಗವಲ್ಲ. ಅದು ದೇಹ ತನ್ನನ್ನು ತಾನು ಕಾಯುವ ಕೆಲಸ. ಕೆಂಪಾಗುವುದು, ಊದುವುದು, ನೋಯುವುದು ಆ ಕಾವಲಿನ ಗುರುತುಗಳು. 1883ರಲ್ಲಿ ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಕ್ಲಾಸ್ ಅವರ ಸಲಹೆಯಂತೆ ಈ ಕೋಶಗಳಿಗೆ ಗ್ರೀಕ್ ಭಾಷೆಯಿಂದ ‘ಫ್ಯಾಗೊಸೈಟ್’ ಎಂಬ ಹೆಸರು ಬಂತು. ನುಂಗುವ ಕೋಶ ಎಂದು ಅದರ ಅರ್ಥ. ನಾವು ಭಕ್ಷಕ ಕಣಗಳೆನ್ನೋಣ. ಅವುಗಳಲ್ಲಿ ದೊಡ್ಡವಕ್ಕೆ ಮೆಚ್ನಿಕೋಫರು ‘ಮ್ಯಾಕ್ರೊಫೇಜ್’ ಎಂದು ಹೆಸರಿಟ್ಟರು. ಇಂದಿಗೂ ವೈದ್ಯಶಾಸ್ತ್ರದಲ್ಲಿ ಅದೇ ಹೆಸರು ನಡೆಯುತ್ತಿದೆ.

ಮುಂದೆ ಅವರು ಡ್ಯಾಫ್ನಿಯಾ ಎಂಬ ಕೆರೆನೀರಿನ ಸಣ್ಣ ಜೀವಿಯಲ್ಲಿ ಇದೇ ಕಾಳಗವನ್ನು ಕಂಡರು. ಒಂದು ಜಾತಿಯ ಶಿಲೀಂಧ್ರದ ಸೂಜಿಯಂಥ ಬೀಜಕಣಗಳು ಅದರ ಕರುಳನ್ನು ತೂರಿ ಮೈಯೊಳಗೆ ಬರುತ್ತವೆ. ರಕ್ತದ ಕೋಶಗಳು ಅವನ್ನು ಮುತ್ತಿ ಕರಗಿಸಿದರೆ ಜೀವಿ ಬದುಕುತ್ತದೆ; ಕರಗಿಸುವ ಮೊದಲೇ ಬೀಜಕಣ ಮೊಳೆತರೆ ಸಾಯುತ್ತದೆ. 1884ರಲ್ಲಿ ಈ ಲೇಖನ ಪ್ರಕಟವಾಯಿತು.

ವೈದ್ಯನಲ್ಲದವನ ವೈದ್ಯವಿಜ್ಞಾನ

ಮೆಚ್ನಿಕೋಫರು ಪ್ರಾಣಿಶಾಸ್ತ್ರ ಓದಿದವರೇ ಹೊರತು ವೈದ್ಯರಲ್ಲ. 1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಡುವ ಸಂಸ್ಥೆಯೊಂದು ಸ್ಥಾಪನೆಯಾಗಿ, ಅವರು ಅದರ ನಿರ್ದೇಶಕರಾದಾಗ ಇದೇ ದೊಡ್ಡ ಆಕ್ಷೇಪವಾಯಿತು. ಊರಿನ ವೈದ್ಯರು ಸಹಕರಿಸಲಿಲ್ಲ, ಪತ್ರಿಕೆಗಳು ಟೀಕಿಸಿದವು. ಅವರು ಊರಲ್ಲಿಲ್ಲದಾಗ ಕುರಿಗಳಿಗೆ ಕೊಟ್ಟ ಅಂತ್ರಾಕ್ಸ್ ಲಸಿಕೆ ಎಡವಟ್ಟಾಗಿ ಬಹಳಷ್ಟು ಕುರಿಗಳು ಸತ್ತುವು. ಬೇಸತ್ತ ಅವರು 1888ರಲ್ಲಿ ಪ್ಯಾರಿಸಿಗೆ ಹೋಗಿ ಲೂಯಿ ಪಾಶ್ಚರರನ್ನು ಕಂಡರು. ಪಾಶ್ಚರರು ಹೊಸದಾಗಿ ಕಟ್ಟಿಸುತ್ತಿದ್ದ ತಮ್ಮ ಸಂಸ್ಥೆಯಲ್ಲಿ ಅವರಿಗೆ ಒಂದು ಪ್ರಯೋಗಾಲಯವನ್ನೇ ಬಿಟ್ಟುಕೊಟ್ಟರು. ಹುಟ್ಟಿದ ನಾಡಿನಲ್ಲಿ ಸಿಗದ ನೆಲೆ ಪರದೇಶದಲ್ಲಿ ಸಿಕ್ಕಿತು. ಅಲ್ಲಿಂದ ಸಾಯುವವರೆಗೆ, 28 ವರ್ಷ ಅವರು ಅಲ್ಲಿಯೇ ದುಡಿದರು.

ನೆಲೆ ಸಿಕ್ಕಿತೇ ಹೊರತು ವಾದ ಮುಗಿಯಲಿಲ್ಲ. 1890ರಲ್ಲಿ ಬರ್ಲಿನ್ನಿನಲ್ಲಿ ಬೆಹ್ರಿಂಗ್ ಮತ್ತು ಜಪಾನಿನ ಕಿಟಸಾಟೊ ಅವರು, ರೋಗದ ವಿಷವನ್ನು ಮುರಿಯುವ ಗುಣ ರಕ್ತದ ತಿಳಿನೀರಿನಲ್ಲೇ ಇದೆಯೆಂದು ತೋರಿಸಿದರು. ಜರ್ಮನಿಯ ವಿದ್ವಾಂಸರು ದೇಹದ ರಕ್ಷಣೆಯೆಲ್ಲ ರಕ್ತರಸದ್ದೇ, ಕೋಶಗಳದ್ದಲ್ಲ ಎಂದರು. ಮೆಚ್ನಿಕೋಫರು ಕೋಶಗಳ ಪಕ್ಷವನ್ನು ಬಿಡಲಿಲ್ಲ. ಸಭೆ ಸಮ್ಮೇಳನಗಳಲ್ಲಿ ಕೂದಲು ಕೆದರಿಕೊಂಡು, ಕೆಂಪೇರಿದ ಮುಖದಿಂದ ವಾದಿಸುತ್ತಿದ್ದ ಅವರನ್ನು ಕಂಡು ನಕ್ಕವರೂ ಇದ್ದರು. ವಿಚಿತ್ರವೆಂದರೆ, ರಕ್ತರಸದ ಪಕ್ಷಕ್ಕೆ ಬಲ ಕೊಟ್ಟ ಒಂದು ಮುಖ್ಯ ಶೋಧವನ್ನು ಮಾಡಿದವರು ಅವರದೇ ಪ್ರಯೋಗಾಲಯದ ಶಿಷ್ಯ ಜೂಲ್ ಬೋರ್ಡೆ. ಗುರುಗಳು ಶಿಷ್ಯನ ಕೆಲಸವನ್ನು ತಡೆಯಲಿಲ್ಲ. 1903ರಲ್ಲಿ ಇಂಗ್ಲೆಂಡಿನ ಆಲ್ಮ್‌ರಾತ್ ರೈಟ್ ಅವರು, ರಕ್ತರಸದ ಕೆಲವು ಪದಾರ್ಥಗಳು ರೋಗಾಣುಗಳಿಗೆ ಅಂಟಿಕೊಂಡು ಭಕ್ಷಕ ಕಣಗಳು ಅವನ್ನು ಸುಲಭವಾಗಿ ನುಂಗುವಂತೆ ಮಾಡುತ್ತವೆಂದು ತೋರಿಸಿದರು. ಎರಡು ಪಕ್ಷಗಳೂ ಸತ್ಯದ ಅರ್ಧರ್ಧ ಭಾಗವನ್ನು ಹಿಡಿದಿದ್ದವು. 1908ರ ನೊಬೆಲ್ ಬಹುಮಾನವನ್ನು ಕೋಶಪಕ್ಷದ ಮೆಚ್ನಿಕೋಫರಿಗೂ ರಸಪಕ್ಷದ ಪಾಲ್ ಎರ್ಲಿಖ್ ಅವರಿಗೂ ಹಂಚಿ ಕೊಡಲಾಯಿತು. ಅದೇ ಡಿಸೆಂಬರ್ ತಿಂಗಳ 28ರಂದು ಭೀಕರ ಭೂಕಂಪದಿಂದ ಮೆಸ್ಸೀನಾ ಪಟ್ಟಣ ನೆಲಸಮವಾಯಿತು.

ಮೆಚ್ನಿಕೋಫರ ಶಿಷ್ಯಪರಂಪರೆಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಒಡೆಸ್ಸಾದಲ್ಲಿ ಅವರ ವಿದ್ಯಾರ್ಥಿಯಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಗುರುವಿನ ಹಿಂದೆಯೇ ಪ್ಯಾರಿಸಿಗೆ ಬಂದು, ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಪ್ರಯೋಗ ನಡೆಸಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿದರು. 1893ರಲ್ಲಿ ಭಾರತಕ್ಕೆ ಬಂದರು. ಬೊಂಬಾಯಿಗೆ ಪ್ಲೇಗು ಬಂದಾಗ ಅದಕ್ಕೂ ಲಸಿಕೆ ಮಾಡಿ, 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಬೊಂಬಾಯಿಯ ಹಾಫ್ಕಿನ್ ಸಂಸ್ಥೆ ಅವರ ಹೆಸರಿನದೇ.

ಮೊಸರು ಮತ್ತು ಮುಪ್ಪು

ಬಾಳಿನ ಕೊನೆಯ ಭಾಗದಲ್ಲಿ ಮೆಚ್ನಿಕೋಫರ ಗಮನ ಮುಪ್ಪಿನ ಕಡೆಗೆ ತಿರುಗಿತು. ದೊಡ್ಡ ಕರುಳಿನಲ್ಲಿ ಕೊಳೆಯುವ ಪದಾರ್ಥಗಳ ವಿಷವೇ ಮುಪ್ಪಿಗೆ ಕಾರಣವೆಂದೂ, ಮೊಸರಿನ ಅಣುಜೀವಿಗಳು ಅದನ್ನು ತಡೆಯಬಲ್ಲವೆಂದೂ ಅವರು ನಂಬಿದರು. ತಾವೂ ದಿನವೂ ಹುಳಿ ಹಾಲು ಕುಡಿದರು. ಯೂರೋಪಿನಲ್ಲಿ ಮೊಸರಿಗೆ ದೊಡ್ಡ ಬೇಡಿಕೆ ಹುಟ್ಟಿದ್ದು ಆಮೇಲೆಯೇ. ಊಟದ ಕೊನೆಗೆ ಮಜ್ಜಿಗೆ ಇಲ್ಲದೆ ಏಳದ ನಮ್ಮವರಿಗೆ ಇದು ಸಂತೋಷದ ಸುದ್ದಿಯಾದೀತು. ಆದರೆ ಮೊಸರಿನಿಂದ ಆಯುಷ್ಯ ಹೆಚ್ಚುತ್ತದೆಂಬ ಮಾತು ಅವರು ಹೇಳಿದ ರೀತಿಯಲ್ಲಿ ಸಿದ್ಧವಾಗಲಿಲ್ಲ ಎನ್ನುವುದನ್ನೂ ನಾವು ಹೇಳಲೇಬೇಕು. ದೊಡ್ಡವರು ಹೇಳಿದ್ದೆಲ್ಲ ದೊಡ್ಡ ಸತ್ಯವಾಗಬೇಕೆಂದಿಲ್ಲ.

1909ರಲ್ಲಿ ಅವರು ರಷ್ಯಕ್ಕೆ ಹೋದಾಗ ಟಾಲ್‌ಸ್ಟಾಯ್ ಅವರನ್ನು ಅವರ ಹಳ್ಳಿಮನೆಯಲ್ಲಿ ಕಂಡು ಮಾತಾಡಿದರು. ಸಾವಿನ ಬಗೆಗೆ ಟಾಲ್‌ಸ್ಟಾಯ್ ಬರೆದ ಪ್ರಸಿದ್ಧ ಕಥೆ ‘ಇವಾನ್ ಇಲಿಯಿಚ್‌ನ ಸಾವು’. ಅದಕ್ಕೆ ಪ್ರೇರಣೆಯಾದುದು 1881ರಲ್ಲಿ ತೀರಿಕೊಂಡ ಮೆಚ್ನಿಕೋಫರ ಅಣ್ಣ ಇವಾನನ ಕೊನೆಯ ದಿನಗಳು. ಒಬ್ಬರು ಮನುಷ್ಯನ ಸಂಕಟಕ್ಕೆ ಧರ್ಮದಲ್ಲಿ ಉತ್ತರ ಹುಡುಕಿದವರು; ಇನ್ನೊಬ್ಬರು ವಿಜ್ಞಾನದಲ್ಲಿ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಪ್ರಯೋಗಾಲಯದ ತರುಣರೆಲ್ಲ ಯುದ್ಧಕ್ಕೆ ಹೋದರು. ಖಾಲಿಯಾದ ಸಂಸ್ಥೆಯಲ್ಲಿ ಮುದುಕ ಮೆಚ್ನಿಕೋಫರ ಎದೆಯ ಕಾಯಿಲೆ ಉಲ್ಬಣಿಸಿತು. 1916ರ ಜುಲೈ 15ರಂದು, 71ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಡಲಾಗಿದೆ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ.

ಒಳಗಿವಿಯಲ್ಲಿ ಅದೇ ಕಾವಲು

ಮೆಚ್ನಿಕೋಫರು ತೀರಿಕೊಂಡ ಪ್ಯಾರಿಸಿನಲ್ಲೇ, 1957ರಲ್ಲಿ, ಆಂದ್ರೆ ಜುರ್ನೊ ಮತ್ತು ಶಾರ್ಲ್ ಎಯ್ರಿಯೆ ಎಂಬಿಬ್ಬರು ಕಿವಿ ಪೂರ್ತಿ ಕೇಳದ ರೋಗಿಯೊಬ್ಬನ ಶ್ರವಣ ನರಕ್ಕೆ ವಿದ್ಯುತ್ತನ್ನು ಮುಟ್ಟಿಸಿ, ಅವನಿಗೆ ಸದ್ದಿನ ಅನುಭವ ಆಗುವಂತೆ ಮಾಡಿದರು. ಅಮೆರಿಕದ ವಿಲಿಯಂ ಹೌಸ್, ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಮೊದಲಾದವರು ಆ ದಾರಿಯನ್ನು ಮುಂದುವರಿಸಿದರು. ಇಂದಿನ ಕಾಕ್ಲಿಯರ್ ಇಂಪ್ಲಾಂಟಿಗೆ ಎರಡು ಭಾಗಗಳಿವೆ. ಕಿವಿಯ ಹಿಂದೆ ಹೊರಗೆ ಇಟ್ಟುಕೊಳ್ಳುವ ಭಾಗ ಸದ್ದನ್ನು ಸಂಕೇತವಾಗಿ ಮಾರ್ಪಡಿಸುತ್ತದೆ. ಚರ್ಮದ ಕೆಳಗೆ ಇರುವ ಭಾಗ ಆ ಸಂಕೇತವನ್ನು ಪಡೆದು, ಸಿಲಿಕೋನ್ ರಬ್ಬರಿನ ತೆಳ್ಳಗಿನ ಎಳೆಯೊಂದರಲ್ಲಿ ಕೂರಿಸಿದ ಪ್ಲಾಟಿನಂ ಬಿಂದುಗಳ ಮೂಲಕ ನರಕ್ಕೆ ಮುಟ್ಟಿಸುತ್ತದೆ. ಈ ಎಳೆಯನ್ನು ಇಳಿಸುವುದು ಕಾಕ್ಲಿಯ ಎಂಬ ಒಳಗಿವಿಯ ಸುರುಳಿಗೆ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತಿನ ಎಲುಬಿನ ನಳಿಗೆಗೆ.

ಎಳೆ ಒಳಗೆ ಇಳಿದ ಕೂಡಲೇ ನಕ್ಷತ್ರಮೀನಿನ ಮರಿಯಲ್ಲಿ ನಡೆದುದೇ ಇಲ್ಲಿಯೂ ನಡೆಯತೊಡಗುತ್ತದೆ. ಮೊದಲು ದೇಹದ ದ್ರವದಲ್ಲಿನ ಪ್ರೋಟೀನುಗಳು ಎಳೆಯ ಮೈಗೆ ಅಂಟಿಕೊಳ್ಳುತ್ತವೆ. ಅನಂತರ ಭಕ್ಷಕ ಕಣಗಳು ಬಂದು ಸೇರುತ್ತವೆ. ಒಳಗಿವಿಯಲ್ಲಿ ಮೊದಲೇ ವಾಸವಾಗಿರುವ ಮ್ಯಾಕ್ರೊಫೇಜುಗಳೂ ಎಚ್ಚರಗೊಳ್ಳುತ್ತವೆ. ಅವು ರೋಗಾಣುವನ್ನಾದರೆ ನುಂಗಿಬಿಡುತ್ತಿದ್ದವು. ಇಷ್ಟು ದೊಡ್ಡ ವಸ್ತುವನ್ನು ನುಂಗಲಾರದೆ, ಹಲವು ಕಣಗಳು ಒಂದರೊಡನೊಂದು ಬೆಸೆದುಕೊಂಡು ದೈತ್ಯಕೋಶಗಳಾಗಿ ಅದರ ಮೈಗೆ ಅಂಟಿ ಕೂರುತ್ತವೆ. ನುಂಗಲಾಗದ್ದನ್ನು ಬೇಲಿ ಹಾಕಿ ಪ್ರತ್ಯೇಕಿಸುವುದು ದೇಹದ ಮುಂದಿನ ಉಪಾಯ. ವಾರಗಳು ಕಳೆದಂತೆ ಎಳೆಯ ಸುತ್ತ ನಾರಿನಂಥ ಪದರವೊಂದು ಬೆಳೆಯುತ್ತದೆ. ಕೆಲವರಲ್ಲಿ ಅಲ್ಲಿ ಹೊಸ ಎಲುಬೂ ಬೆಳೆಯುವುದುಂಟು. ಅಂಗಾಲಿನ ಮುಳ್ಳಿನ ಸುತ್ತ ಬೆಳೆಯುವ ಗಂಟೂ ಇದೇ.

ಸಾಧನವನ್ನು ಧರಿಸಿ ಬಾಳಿ, ಮುಂದೆ ತೀರಿಕೊಂಡವರು ದಾನ ಮಾಡಿದ ಕಿವಿಯ ಎಲುಬುಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಹೆಚ್ಚು ಕಡಿಮೆ ಎಲ್ಲದರಲ್ಲಿಯೂ ಈ ಪದರ ಕಂಡುಬಂದಿದೆ. ಅವರಲ್ಲಿ ಅನೇಕರು ಬದುಕಿದ್ದಾಗ ಸಾಧನದಿಂದ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದವರೇ. ಹಾಗಾಗಿ ದೇಹ ಸಾಧನವನ್ನು ಗಮನಿಸುವುದೇ ಇಲ್ಲ ಎನ್ನುವುದೂ ತಪ್ಪು. ದೇಹ ಅದನ್ನು ಹೊರಗೆ ತಳ್ಳಿಯೇ ತೀರುತ್ತದೆ ಎನ್ನುವುದೂ ತಪ್ಪು. ಪ್ರಶ್ನೆ ಇರುವುದು ಬೇಲಿ ಎಷ್ಟು ದಪ್ಪ ಎನ್ನುವುದರಲ್ಲಿ.

ಬೇಲಿ ದಪ್ಪವಾದರೆ ವಿದ್ಯುತ್ತು ನರವನ್ನು ಮುಟ್ಟಲು ಅಡ್ಡಿ ಹೆಚ್ಚುತ್ತದೆ. ಶಸ್ತ್ರಕ್ರಿಯೆಗೆ ಮೊದಲು ಸ್ವಲ್ಪ ಸ್ವಾಭಾವಿಕ ಶ್ರವಣ ಉಳಿದಿದ್ದವರಲ್ಲಿ ಅದು ತಿಂಗಳುಗಳ ಮೇಲೆ ಕುಂದುವುದಕ್ಕೆ ಈ ಉರಿಯೂತವೂ ಒಂದು ಕಾರಣವೆಂದು ಭಾವಿಸಲಾಗಿದೆ. ಸಿಲಿಕೋನಿಗೆ ದೇಹ ಒಗ್ಗದೆ ಸಾಧನವನ್ನು ತೆಗೆಯಬೇಕಾದ ಪ್ರಸಂಗಗಳೂ ಇವೆ. ಆದರೆ ಅವು ತೀರ ವಿರಳ. ಇನ್ನೊಂದು ಕಡೆಯಿಂದ ನೋಡಿದರೆ ಈ ಬೇಲಿಯಿಂದ ಉಪಕಾರವೂ ಇದೆ. ಎಳೆ ಒಳಗೆ ಹೋದ ಬಾಯಿಯನ್ನು ಅದು ಮುಚ್ಚಿ, ಮಧ್ಯಕಿವಿಯ ಸೋಂಕು ಒಳಗಿವಿಗೆ, ಅಲ್ಲಿಂದ ಮಿದುಳಿನ ಪೊರೆಗೆ ಹರಡದಂತೆ ತಡೆಯುತ್ತದೆ. ಎಳೆ ಜಾರದಂತೆಯೂ ಹಿಡಿದುಕೊಳ್ಳುತ್ತದೆ. ಭಕ್ಷಕ ಕಣಗಳಿಗೆ ಕೇಡು ಮಾಡಲು ಬಂದ ಮುಳ್ಳು ಯಾವುದು, ಕಿವಿ ಕೊಡಲು ಬಂದ ಎಳೆ ಯಾವುದು ಎಂಬ ವಿವೇಕವಿಲ್ಲ. ಆ ಕಾವಲನ್ನು ಪೂರ್ತಿ ಕಿತ್ತುಹಾಕಿದರೆ ಮನುಷ್ಯ ಬದುಕಲಾರ. ಆದುದರಿಂದ ಶಸ್ತ್ರವೈದ್ಯರು ಎಳೆಯನ್ನು ಬಹಳ ಮೆಲ್ಲಗೆ, ಸಾಧ್ಯವಾದಷ್ಟು ಕಡಿಮೆ ಗಾಯವಾಗುವಂತೆ ಇಳಿಸುತ್ತಾರೆ. ಉರಿಯೂತವನ್ನು ತಗ್ಗಿಸುವ ಸ್ಟಿರಾಯ್ಡ್ ಔಷಧವನ್ನು ಕೊಡುತ್ತಾರೆ. ಡೆಕ್ಸಾಮೆಥಸೋನ್ ಎಂಬ ಅಂಥ ಔಷಧವನ್ನು ಎಳೆಯಲ್ಲೇ ಸೇರಿಸಿ, ಅದು ನಿಧಾನವಾಗಿ ಒಸರುವಂತೆ ಮಾಡುವ ಪ್ರಯತ್ನ ಮನುಷ್ಯರಲ್ಲಿಯೂ ಪರೀಕ್ಷೆಗೆ ಬಂದಿದೆ.

ತಂದೆ ತಾಯಿಯರಿಗೆ ಒಂದು ಮಾತು

ಇಷ್ಟನ್ನು ತಿಳಿದ ಮೇಲೆ ತಂದೆ ತಾಯಿಯರ ಅಳುಕಿಗೆ ನಾವು ಕೊಡಬಹುದಾದ ಉತ್ತರ ಇದು. ದೇಹ ಪ್ರತಿಕ್ರಿಯೆ ತೋರಿಸಿಯೇ ತೋರಿಸುತ್ತದೆ. ಬಹುಮಟ್ಟಿಗೆ ಅದು ಸಾಧನದೊಡನೆ ಹೊಂದಿಕೊಂಡು ಬಾಳುವ ಪ್ರತಿಕ್ರಿಯೆ. ಆದರೆ ಶಸ್ತ್ರಕ್ರಿಯೆಯಾದ ಜಾಗ ಕೆಂಪಾದರೆ, ಊದಿದರೆ, ಕಿವಿ ಸೋರಿದರೆ, ಮಗುವಿಗೆ ಜ್ವರ ಅಥವಾ ವಾಂತಿ ಬಂದರೆ, ಚೆನ್ನಾಗಿ ಕೇಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೇಳದೆ ಹೋದರೆ, ಮನೆಮದ್ದು ಮಾಡುತ್ತ ಕೂರದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಮಿದುಳಿನ ಪೊರೆಯ ಸೋಂಕಿನ ಭಯವಿರುವುದರಿಂದ ನ್ಯುಮೋಕಾಕಸ್ ಲಸಿಕೆಯನ್ನು ವೈದ್ಯರು ಹೇಳಿದಂತೆ ತಪ್ಪದೆ ಹಾಕಿಸಬೇಕು. ಮಿದುಳು ಮಾತನ್ನು ಕಲಿಯುವುದು ಎಳೆಯ ವಯಸ್ಸಿನಲ್ಲೇ ಆದುದರಿಂದ ಬರಿಯ ಹೆದರಿಕೆಯಿಂದ ವರ್ಷಗಳನ್ನು ದೂಡಬಾರದು.

ಸಾಧನ ಸದ್ದನ್ನು ಮುಟ್ಟಿಸುತ್ತದೆ, ಮಾತನ್ನು ಕಲಿಸುವುದಿಲ್ಲ. ಮಾತು ಬರುವುದು ತರಬೇತಿಯಿಂದ, ಮತ್ತು ದಿನವಿಡೀ ಮನೆಯಲ್ಲಿ ಕಿವಿಗೆ ಬೀಳುವ ನುಡಿಯಿಂದ. ನಮ್ಮ ಜಿಲ್ಲೆಯಲ್ಲಿ ತರಬೇತಿ ಮಲೆಯಾಳದಲ್ಲಿ ಸಿಕ್ಕಿದರೂ ಮನೆಯ ಮಾತು ಕನ್ನಡವೋ ತುಳುವೋ ಆಗಿರುವ ಕುಟುಂಬಗಳು ಎಷ್ಟೋ ಇವೆ. ಅಂಥವರು ತರಬೇತಿ ಕೊಡುವವರೊಡನೆ ಈ ವಿಚಾರವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕನ್ನಡದಲ್ಲೇ ಸಲಹೆ ಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಸರ್ಕಸ್ಸಿಗೆ ಹೋಗದೆ ಮನೆಯಲ್ಲಿ ಕುಳಿತು ಮುಳ್ಳು ಚುಚ್ಚಿ ನೋಡಿದ ಮೆಚ್ನಿಕೋಫರಿಗೆ ಕಿವಿಯ ವಿಚಾರ ಕನಸಿನಲ್ಲಿಯೂ ಇರಲಿಲ್ಲ. ಆದರೂ ಶ್ರವಣ ಸಾಧನದ ಎಳೆಗೆ ಔಷಧ ಸೇರಿಸುವ ಇಂದಿನ ವಿಜ್ಞಾನಿ ಎದುರಿಸುತ್ತಿರುವುದು ಅವರು ಹೆಸರಿಟ್ಟ ಮ್ಯಾಕ್ರೊಫೇಜುಗಳನ್ನೇ. ಕಿವಿಯ ಹಿಂದೆ ಸಾಧನ ಧರಿಸಿ ಅಮ್ಮನ ಕರೆಗೆ ತಿರುಗಿ ನೋಡುವ ಮಗುವನ್ನು ಕಂಡಾಗ ಆ ಮಹನೀಯರನ್ನು ನಾವು ಒಮ್ಮೆ ನೆನೆಯೋಣ.